ಕಂಡದ್ದು, ಕೇಳಿದ್ದು, ಊಹಿಸಿದ್ದು: ಡಾಕ್ಟರ್ ಫ್ರಾನ್ಸಿಸ್ ಬುಕಾನನ್ನರ ಜೀವಿತ ಮತ್ತು ಬರಹ

ಮಹನೀಯರ ಜೀವನಚರಿತ್ರೆಯನ್ನು ಓದುವುದರಿಂದ ಸದ್ಗುಣಗಳ ಪರಿಚಯವಾಗುತ್ತದೆ ಎಂಬುದು ಹಿರಿಯರ ಮಾತು. ಕೆಲವರ ಚರಿತ್ರೆಯಿಂದ ಇನ್ನೊಂದು ಪ್ರಯೋಜನವೂ ಉಂಟು. ನಾವು ಪ್ರಮಾಣವೆಂದು ನಂಬಿ ಓದುವ ಗ್ರಂಥಗಳು ಯಾರ ಕಣ್ಣಿನಿಂದ, ಯಾವ ಕಾರಣಕ್ಕಾಗಿ, ಯಾರ ಮಾತನ್ನು ಕೇಳಿ ಹುಟ್ಟಿದವು ಎಂಬ ವಿವೇಕವು ಬರೆದವರ ಬಾಳನ್ನು ಬಲ್ಲವರಿಗೆ ಸುಲಭವಾಗಿ ಲಭಿಸುತ್ತದೆ. ಕನ್ನಡ ನಾಡಿನ, ವಿಶೇಷವಾಗಿ ನಮ್ಮ ಕರಾವಳಿಯ, ಎರಡು ಶತಮಾನಗಳ ಹಿಂದಿನ ಸ್ಥಿತಿಗತಿಗಳನ್ನು ತಿಳಿಯಬಯಸುವವರು ಮೊದಲಿಗೇ ಕೈಗೆತ್ತಿಕೊಳ್ಳುವ ಗ್ರಂಥಗಳಲ್ಲಿ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ನರ ಪ್ರವಾಸಕಥನವೂ ಒಂದು. ಅವರ ಜೀವಿತವನ್ನೂ ಬರಹದ ಸ್ವರೂಪವನ್ನೂ ಸಂಕ್ಷೇಪವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

ಬುಕಾನನ್ನರು 1762ರ ಫೆಬ್ರವರಿ 15ರಂದು ಸ್ಕಾಟ್ಲೆಂಡಿನಲ್ಲಿ ಜನಿಸಿದರು. ತಂದೆ ವೈದ್ಯರು, ಮನೆತನಕ್ಕೆ ಭೂಮಿಕಾಣಿಯೂ ಇತ್ತು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ 1783ರಲ್ಲಿ ಪದವಿಯನ್ನು ಪಡೆದರು. ಅಲ್ಲಿಯೇ ಜಾನ್ ಹೋಪ್ ಎಂಬ ಪ್ರಸಿದ್ಧ ಆಚಾರ್ಯರಿಂದ ಸಸ್ಯಶಾಸ್ತ್ರವನ್ನೂ ಕಲಿತರು. ಆ ಕಾಲದ ಸ್ಕಾಟ್ಲೆಂಡಿನಲ್ಲಿ ಎರಡು ವಿಷಯಗಳ ಮೇಲೆ ವಿದ್ಯಾವಂತರಿಗೆ ಅಪಾರವಾದ ಶ್ರದ್ಧೆಯಿತ್ತು. ಪ್ರಪಂಚದ ಸಮಸ್ತ ವಸ್ತುಗಳನ್ನೂ ವರ್ಗೀಕರಿಸಿ ಪಟ್ಟಿ ಮಾಡಬಹುದೆಂಬುದು ಒಂದು. ಬೇಸಾಯವನ್ನು ಶಾಸ್ತ್ರೀಯವಾಗಿ ಸುಧಾರಿಸಿದರೆ ದೇಶವೇ ಸುಧಾರಿಸುವುದೆಂಬುದು ಇನ್ನೊಂದು. ಭೂಮಿಯುಳ್ಳ ಮನೆತನದ ಈ ಯುವಕ ವೈದ್ಯರಲ್ಲಿ ಎರಡು ಶ್ರದ್ಧೆಗಳೂ ಚೆನ್ನಾಗಿ ಬೇರೂರಿದವು. ಮುಂದೆ ಅವರು ನಮ್ಮ ನಾಡನ್ನು ನೋಡಿದ್ದು ಈ ಎರಡು ಕಣ್ಣುಗಳಿಂದಲೇ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಕೆಲವು ವರ್ಷ ಹಡಗುಗಳಲ್ಲಿ ವೈದ್ಯರಾಗಿ ಸಂಚರಿಸಿ, 1794ರಲ್ಲಿ ಅವರು ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಸೇವೆಯನ್ನು ಸೇರಿದರು. ಮರುವರ್ಷ ಕ್ಯಾಪ್ಟನ್ ಸೈಮ್ಸ್ ಎಂಬಾತನು ಬರ್ಮಾದ ಆವಾ ರಾಜ್ಯಕ್ಕೆ ರಾಯಭಾರಿಯಾಗಿ ಹೋದಾಗ ಜೊತೆಯ ವೈದ್ಯರಾಗಿ ತೆರಳಿದರು. ಅಲ್ಲಿ ಬೌದ್ಧಮತವನ್ನು ಸಮೀಪದಿಂದ ಕಂಡು, ಬರ್ಮೀಯರ ಧರ್ಮ ಮತ್ತು ಸಾಹಿತ್ಯವನ್ನು ಕುರಿತು ದೀರ್ಘವಾದ ಪ್ರಬಂಧವನ್ನು ಬರೆದರು. ಆ ಪ್ರಬಂಧದಲ್ಲಿ ಬೌದ್ಧರ ನೀತಿಯ ಮೇಲೆ ಆದರವೂ ಬ್ರಾಹ್ಮಣರ ಪುರಾಣಪರಂಪರೆಯ ಮೇಲೆ ಅವಿಶ್ವಾಸವೂ ಸ್ಪಷ್ಟವಾಗಿ ಕಾಣುತ್ತವೆ. ಕನ್ನಡ ನಾಡಿಗೆ ಕಾಲಿಡುವ ಮೊದಲೇ ಅವರ ಮನಸ್ಸಿನಲ್ಲಿ ಒಂದು ತಕ್ಕಡಿ ಸಿದ್ಧವಾಗಿತ್ತೆಂಬುದಕ್ಕೆ ಇದು ಸಾಕ್ಷಿ. 1798ರಲ್ಲಿ ಚಿತ್ತಗಾಂಗ್ ಪ್ರಾಂತವನ್ನು ಸುತ್ತಿ, ಸಂಬಾರ ಬೆಳೆಗಳಿಗೆ ತಕ್ಕ ನೆಲವನ್ನು ಹುಡುಕುವ ಕಾರ್ಯವನ್ನೂ ಅವರು ನಿರ್ವಹಿಸಿದರು.

1799ರ ಮೇ 4ರಂದು ಶ್ರೀರಂಗಪಟ್ಟಣವು ಕಂಪನಿಯ ಸೈನ್ಯಕ್ಕೆ ಸೋತು, ಟಿಪ್ಪು ಸುಲ್ತಾನನು ಮಡಿದನು. ಕೆನರಾ ಪ್ರಾಂತವು ಕಂಪನಿಯ ಕೈಸೇರಿತು. ಮೈಸೂರಿನಲ್ಲಿ ಒಡೆಯರ ವಂಶವು ಪುನಃ ಸಿಂಹಾಸನವನ್ನೇರಿತು. ಯುದ್ಧವನ್ನು ನಡೆಸಿದ ಗವರ್ನರ್ ಜನರಲ್ ವೆಲ್ಲೆಸ್ಲಿಯು, ಗೆದ್ದ ನಾಡಿನಲ್ಲಿ ಏನೇನು ಇದೆಯೆಂಬುದನ್ನು ತಿಳಿಯಲು 1800ರಲ್ಲಿ ಬುಕಾನನ್ನರನ್ನು ನಿಯಮಿಸಿದನು. ಮೊದಲಿಗೆ ಬೇಸಾಯ, ಆಮೇಲೆ ದನಕರು, ಗೇಣಿಪದ್ಧತಿ, ಹತ್ತಿ, ಮೆಣಸು, ಶ್ರೀಗಂಧ, ಏಲಕ್ಕಿ, ಗಣಿ, ಕೈಗಾರಿಕೆ, ಹವೆ, ಕಡೆಗೆ ನಿವಾಸಿಗಳ ಸ್ಥಿತಿಗತಿ. ಇಷ್ಟನ್ನೂ ಪರೀಕ್ಷಿಸಿ ವರದಿ ಮಾಡಬೇಕೆಂಬುದು ಆಜ್ಞೆ. ಪಟ್ಟಿಯ ಅನುಕ್ರಮವನ್ನು ನೋಡಿದರೆ ಕಳುಹಿಸಿದವರ ಆಶಯವು ತಿಳಿಯುತ್ತದೆ. ಆಳಬೇಕಾದವರಿಗೂ ವ್ಯಾಪಾರ ಮಾಡಬೇಕಾದವರಿಗೂ ಅವಶ್ಯವಾದ ಪ್ರಶ್ನೆಗಳು ಅವು. ಒಂದು ಊರಿನ ಸಮಸ್ತ ವೃತ್ತಾಂತವೂ ಆ ಪ್ರಶ್ನೆಗಳಿಗೆ ಉತ್ತರವಾಗಿ ದೊರೆಯಲಾರದು.

1800ರ ಏಪ್ರಿಲಿನಲ್ಲಿ ಮದರಾಸನ್ನು ಬಿಟ್ಟ ಬುಕಾನನ್ನರು ಕೋಲಾರ, ಬೆಂಗಳೂರು, ಶ್ರೀರಂಗಪಟ್ಟಣಗಳನ್ನು ನೋಡಿ, ಕೊಯಮತ್ತೂರು ಮಲಬಾರುಗಳನ್ನು ಸುತ್ತಿ, 1801ರ ಜನವರಿಯಲ್ಲಿ ದಕ್ಷಿಣ ಕೆನರಾವನ್ನು ಪ್ರವೇಶಿಸಿದರು. ಮಂಗಳೂರು, ಮೂಡುಬಿದಿರೆ, ಕಾರ್ಕಳ, ಉಡುಪಿಗಳ ಮೇಲೆ ಸಾಗಿ ಬ್ರಹ್ಮಾವರಕ್ಕೂ ಕುಂದಾಪುರಕ್ಕೂ ಬಂದರು. ಕುಂದಾಪುರದ ಹೊಳೆಗಳನ್ನು ದಾಟಿ ಬೈಂದೂರನ್ನು ತಲಪಿ, ಅಲ್ಲಿಂದ ಭಟ್ಕಳಕ್ಕೆ ಪ್ರಯಾಣ ಬೆಳೆಸಿದರು. ಬೈಂದೂರಿನಿಂದ ಭಟ್ಕಳಕ್ಕೆ ಹೋಗುವ ಕರಾವಳಿಯ ದಾರಿಯು ಶಿರೂರಿನ ನೆಲವನ್ನು ದಾಟಿಯೇ ಸಾಗಬೇಕು. ಮುಂದೆ ಹೊನ್ನಾವರ, ಗೋಕರ್ಣ, ಅಂಕೋಲೆಗಳನ್ನು ನೋಡಿ, ಘಟ್ಟವನ್ನು ಹತ್ತಿ, ಶಿರಸಿ, ಬನವಾಸಿ, ಇಕ್ಕೇರಿ, ನಗರಗಳ ಮಾರ್ಗವಾಗಿ ಬಯಲುನಾಡನ್ನು ಸೇರಿ, 1801ರ ಜುಲೈಯಲ್ಲಿ ಮದರಾಸಿಗೆ ಹಿಂದಿರುಗಿದರು. ರೈಲೂ ಮೋಟಾರೂ ಇಲ್ಲದ ಕಾಲದಲ್ಲಿ ಹದಿನಾಲ್ಕು ತಿಂಗಳಿಗೂ ಮಿಕ್ಕಿ ನಡೆದ ಈ ಸಂಚಾರದ ಶ್ರಮವನ್ನು ಊಹಿಸಿದರೆ ಯಾರಿಗೂ ಗೌರವ ಮೂಡದಿರದು.

ಅವರು ದಿನದಿನವೂ ದಿನಚರಿಯನ್ನು ಬರೆದರು. ಈ ಗದ್ದೆಗೆ ಎಷ್ಟು ಬಿತ್ತನೆ, ಎಷ್ಟು ಹುಟ್ಟುವಳಿ, ಆಳಿಗೆ ಎಷ್ಟು ಅಕ್ಕಿ, ಎತ್ತಿಗೆ ಎಷ್ಟು ಬೆಲೆ ಎಂದು ಕೇಳಿ ಲೆಕ್ಕವನ್ನು ದಾಖಲಿಸಿದರು. ನಮ್ಮ ಕರಾವಳಿಯ ಬೈಲು, ಮಜಲು, ಬೆಟ್ಟು ಎಂಬ ಭೂಮಿಯ ಭೇದಗಳು ಅವರ ಪುಸ್ತಕದಲ್ಲಿವೆ. ಮುಡಿ, ಹಾನೆ ಎಂಬ ಅಳತೆಗಳಿವೆ. ನೇಗಿಲು ಮೊದಲಾದ ಉಪಕರಣಗಳ ಚಿತ್ರಗಳೂ ಇವೆ. ಇಷ್ಟು ನಿಷ್ಠೆಯಿಂದ ಸಂಖ್ಯೆಗಳನ್ನು ಕೊಟ್ಟ ಗ್ರಂಥವನ್ನು ಓದುವಾಗ, ಇದರಲ್ಲಿ ಲೇಖಕನ ಸ್ವಂತದ್ದೇನೂ ಇಲ್ಲ, ಕನ್ನಡಿಯಲ್ಲಿ ಕಂಡಂತೆ ಇದ್ದದ್ದೆಲ್ಲ ಮೂಡಿದೆಯೆಂಬ ಭಾವನೆ ಹುಟ್ಟುವುದು ಸಹಜ. ಆ ಭಾವನೆಯನ್ನು ಕೊಂಚ ಪರೀಕ್ಷಿಸಬೇಕಾಗಿದೆ.

ನಮ್ಮ ಶಾಸ್ತ್ರಕಾರರು ಜ್ಞಾನದ ಸಾಧನಗಳನ್ನು ಪ್ರಮಾಣಗಳೆಂದು ಕರೆದು ವಿಂಗಡಿಸಿದ್ದಾರೆ. ಅವುಗಳಲ್ಲಿ ಪ್ರತ್ಯಕ್ಷ, ಶಬ್ದ, ಅನುಮಾನ ಎಂಬ ಮೂರನ್ನು ಇಲ್ಲಿ ತೆಗೆದುಕೊಂಡರೆ ಸಾಕು. ಕಣ್ಣಾರೆ ಕಂಡದ್ದು ಪ್ರತ್ಯಕ್ಷ. ಬಲ್ಲವರಿಂದ ಕೇಳಿದ್ದು ಶಬ್ದ. ಕಂಡದ್ದರಿಂದ ಕಾಣದ್ದನ್ನು ಊಹಿಸಿದ್ದು ಅನುಮಾನ. ಶಬ್ದವು ಪ್ರಮಾಣವಾಗಬೇಕಾದರೆ ಹೇಳುವವನು ಆಪ್ತನಾಗಿರಬೇಕು, ಅಂದರೆ ವಿಷಯವನ್ನು ಬಲ್ಲವನೂ ಅದನ್ನು ಮರೆಮಾಚದವನೂ ಆಗಿರಬೇಕು. ಬುಕಾನನ್ನರ ಗ್ರಂಥವನ್ನು ಸ್ಥಾಲೀಪುಲಾಕ ನ್ಯಾಯದಂತೆ, ಒಂದೆರಡು ಅಗುಳನ್ನು ಹಿಸುಕಿ ನೋಡಿ, ಈ ಮೂರು ಬಗೆಯಲ್ಲಿ ಪರೀಕ್ಷಿಸಬಹುದು.

ಮೊದಲು ಪ್ರತ್ಯಕ್ಷದ ಮಾತು. ಅವರು ನಮ್ಮ ಕರಾವಳಿಯಲ್ಲಿ ಇದ್ದದ್ದು ಜನವರಿಯಿಂದೀಚೆಗೆ, ಬೇಸಿಗೆಯ ಬಾಗಿಲಲ್ಲಿ. ಆಗ ಆಕಾಶ ನಿರ್ಮಲ, ಹೊಳೆಗಳು ಶಾಂತ, ಬೆಟ್ಟು ಗದ್ದೆಗಳು ಒಣಗಿ ಬಿರುಕು ಬಿಟ್ಟಿರುತ್ತವೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯನ್ನು, ನಾಟಿಯ ಗಡಿಬಿಡಿಯನ್ನು, ಉಕ್ಕುವ ಕಡಲನ್ನು, ನೆರೆಬಂದ ಹೊಳೆಯನ್ನು ಈ ದಡದಲ್ಲಿ ನಿಂತು ಅವರು ನೋಡಲಿಲ್ಲ. ಶಿರೂರಿನ ಒಕ್ಕಲು ಮಗನಿಗೆ ಊರೆಂದರೆ ಮೊದಲಿಗೇ ನೆನಪಾಗುವ ಆಷಾಢದ ಮಳೆಯು ಬುಕಾನನ್ನರಿಗೆ ಬರಿಯ ಕೇಳಿದ ಸಂಗತಿ. ಕಂಡದ್ದರಲ್ಲಿಯೂ ಕಣ್ಣಿನ ಸಂಸ್ಕಾರವಿತ್ತು. ಆಳವಾಗಿ ಉಳುವ ಭಾರವಾದ ನೇಗಿಲನ್ನು ಕಂಡು ಬೆಳೆದವರಿಗೆ ಇಲ್ಲಿಯ ಹಗುರವಾದ ನೇಗಿಲು ಅಪೂರ್ಣವೆಂದು ತೋರಿತು. ನೀರು ನಿಂತ ಕೆಸರುಗದ್ದೆಗೆ ಆಳದ ಉಳುಮೆ ಬೇಡವೆಂಬುದನ್ನೂ, ಕೆಸರಿನಲ್ಲಿ ಭಾರದ ನೇಗಿಲನ್ನು ಎಳೆಯುವುದು ಇಲ್ಲಿಯ ಸಣ್ಣ ಎತ್ತಿಗೆ ಅಸಾಧ್ಯವೆಂಬುದನ್ನೂ ಗದ್ದೆಯಲ್ಲಿ ದುಡಿಯುವವನು ಬಲ್ಲ.

ಎರಡನೆಯದು ಶಬ್ದ. ಬುಕಾನನ್ನರಿಗೆ ಕನ್ನಡ ಬಾರದು, ತುಳುವೂ ಬಾರದು. ಎಲ್ಲ ಮಾತೂ ದುಭಾಷಿಯ ನಾಲಗೆಯಿಂದ ಅವರ ಕಿವಿಗೆ ಬೀಳಬೇಕಾಗಿತ್ತು. ಬೈಂದೂರು ಅವರ ಬರಹದಲ್ಲಿ ಬೈದೂರು ಆಯಿತು. ಭಟ್ಕಳವು ಬಟುಕುಲ್ಲ ಆಯಿತು. ಭಟ್ಕಳವೆಂದರೆ ದುಂಡಾದ ಊರೆಂದು ಯಾರೋ ಹೇಳಿದ ಅರ್ಥವನ್ನು ಅವರು ಬರೆದುಕೊಂಡರು. ಆ ಹೆಸರನ್ನು ಶಬ್ದಾನುಶಾಸನವನ್ನು ರಚಿಸಿದ ಭಟ್ಟಾಕಲಂಕನಿಗೆ ಸಂಬಂಧಿಸುವ ಐತಿಹ್ಯವೂ ನಾಡಿನಲ್ಲಿದೆ. ಎರಡರಲ್ಲಿ ಯಾವುದು ಸರಿಯೆಂಬುದು ಬೇರೆಯ ಚರ್ಚೆ. ಆ ದಿನ ಎದುರಿಗೆ ಸಿಕ್ಕವನು ಬೇರೊಬ್ಬನಾಗಿದ್ದರೆ ಪುಸ್ತಕದಲ್ಲಿ ಬೇರೊಂದು ಅರ್ಥವೇ ಮುದ್ರಣವಾಗುತ್ತಿತ್ತು ಎಂಬುದಷ್ಟೇ ಇಲ್ಲಿ ಗಮನಿಸಬೇಕಾದ ಅಂಶ.

ಹೇಳಿದವರಿಗೂ ತಮ್ಮ ತಮ್ಮ ಹಿತಗಳಿದ್ದವು. ತುಳುನಾಡಿನ ಅರಸರ ಇತಿಹಾಸವನ್ನು ಬುಕಾನನ್ನರಿಗೆ ತಿಳಿಸಿದವನು ಬಾರಕೂರಿನ ಪರಂಪರಾಗತ ಶಾನುಭೋಗ. ಶಾನುಭೋಗನ ಕಡತವು ಭೂಮಿಯನ್ನೂ ಕಂದಾಯವನ್ನೂ ಚೆನ್ನಾಗಿ ಬಲ್ಲದು. ಅದರಲ್ಲಿ ಅರಸರ ಚರಿತ್ರೆಯೂ ಕಂದಾಯ ಕಟ್ಟಿದವರ ಚರಿತ್ರೆಯೇ ಆಗಿಬಿಡುವ ಸಂಭವವುಂಟು. ಭೂಮಾಲಿಕರು ತೆರಿಗೆಯ ಭಾರವನ್ನು ಹೇಳಿಕೊಂಡರು. ಹೊಸ ಸರಕಾರದ ಅಧಿಕಾರಿಯೆದುರು ಹುಟ್ಟುವಳಿಯನ್ನು ಕಡಿಮೆ ಮಾಡಿ ಹೇಳುವುದು ಅವರಿಗೆ ಲಾಭಕರ. ಬುಕಾನನ್ನರು ಇದನ್ನು ಶಂಕಿಸಿದರು. ಅನೇಕ ಕಡೆ ತಮಗೆ ಸುಳ್ಳು ಲೆಕ್ಕ ಬರುತ್ತಿದೆಯೆಂಬ ಅನುಮಾನವನ್ನು ಬರೆದೇ ಇಟ್ಟರು. ಅವರಿಗಿಂತ ಸ್ವಲ್ಪ ಮೊದಲು ಕೆನರಾದ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ, ಇದೇ ಊರುಗಳ ಹಳೆಯ ಲೆಕ್ಕಗಳನ್ನು ಓದಿ, ಇಲ್ಲಿಯ ಭೂಮಿ ಪ್ರಾಚೀನಕಾಲದಿಂದಲೂ ಖಾಸಗಿ ಸ್ವತ್ತು, ಹಿಂದಿನ ತೆರಿಗೆ ಹಗುರ, ಹೈದರ್-ಟಿಪ್ಪುಗಳ ಕಾಲದಲ್ಲಿ ಅದು ಮಿತಿಮೀರಿತು ಎಂದು 1800ರಲ್ಲಿ ಮೇಲಧಿಕಾರಿಗಳಿಗೆ ನಿರೂಪಿಸಿದ್ದನು. ಮನ್ರೋ ರೈತರೊಡನೆ ನೇರವಾಗಿ ಒಪ್ಪಂದ ಮಾಡಿಕೊಳ್ಳುವ ಪದ್ಧತಿಯ ಪಕ್ಷಪಾತಿ. ಒಂದೇ ನೆಲ, ಒಂದೇ ಕಾಲ, ಇಬ್ಬರೂ ಪ್ರಾಮಾಣಿಕರಾದ ಅಧಿಕಾರಿಗಳು. ಆದರೂ ಒಬ್ಬನಿಗೆ ರೈತನ ಮಾತು ಸಾಕ್ಷ್ಯವಾಯಿತು, ಇನ್ನೊಬ್ಬರಿಗೆ ಶಂಕೆಯಾಯಿತು.

ಮೂರನೆಯದು ಅನುಮಾನ. ಬಯಲುಸೀಮೆಯಲ್ಲಿ ಪಾಳುಬಿದ್ದ ಹಳ್ಳಿಗಳನ್ನು ಕಂಡಾಗ ಬುಕಾನನ್ನರು ಅದಕ್ಕೆ ಟಿಪ್ಪುವಿನ ದುರಾಡಳಿತವನ್ನು ಬಹುವಾಗಿ ಹೊಣೆಯಾಗಿಸಿದರು. ಆ ಪಾಳಿಗೆ 1792ರ ಮತ್ತು 1799ರ ಯುದ್ಧಗಳೂ ಕಾರಣವಾಗಿದ್ದವು. ಆ ಯುದ್ಧಗಳಲ್ಲಿ ಒಂದು ಪಕ್ಷವಾಗಿದ್ದುದು ಅವರಿಗೆ ಸಂಬಳ ಕೊಡುತ್ತಿದ್ದ ಕಂಪನಿಯೇ. ಸೈನ್ಯಗಳು ತುಳಿದುಹೋದುದನ್ನು ಅವರು ಬಚ್ಚಿಡಲಿಲ್ಲವೆಂಬುದು ನಿಜ. ಆದರೂ ಕಂಡ ಪಾಳು ಪ್ರತ್ಯಕ್ಷ, ಅದರ ಕಾರಣ ಅನುಮಾನ. ಅನುಮಾನದಲ್ಲಿ ಅವರ ಸೇವೆಯ ಬಣ್ಣವು ಇಳಿಯಿತು. ಕಾಮಾಲೆಯ ಕಣ್ಣಿಗೆ ಕಂಡದ್ದೆಲ್ಲ ಹಳದಿಯೆಂಬ ಗಾದೆಯನ್ನು ಇಲ್ಲಿ ಪೂರ್ತಿಯಾಗಿ ಹೊರಿಸುವುದು ಅನ್ಯಾಯ. ಆದರೆ ಯಾವ ಕಣ್ಣೂ ಬಣ್ಣಗೆಟ್ಟು ಹುಟ್ಟುವುದಿಲ್ಲ.

ಪ್ರಶ್ನೆಗಳಲ್ಲಿಯೂ ದೃಷ್ಟಿ ಅಡಗಿರುತ್ತದೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. ಒಂದೊಂದು ಜಾತಿಯನ್ನು ಕುರಿತು ಬರೆಯುವಾಗಲೂ ಬುಕಾನನ್ನರು ಹೆಚ್ಚುಕಡಿಮೆ ಒಂದೇ ಪ್ರಶ್ನಾವಳಿಯನ್ನು ಮುಂದಿಡುತ್ತಾರೆ. ಮಾಂಸ ತಿನ್ನುವರೋ, ಮದ್ಯ ಕುಡಿಯುವರೋ, ವಿಧವೆಗೆ ಮರುಮದುವೆಯುಂಟೋ, ಹೂಳುವರೋ ಸುಡುವರೋ, ಗುರು ಯಾರು, ಕಾಣಿಕೆ ಎಷ್ಟು ಎಂಬಿವೇ ಆ ಪ್ರಶ್ನೆಗಳು. ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗವನ್ನು ಧರಿಸುವ ಪಂಚಮ ಬಣಜಿಗರನ್ನೂ, ಅವರ ಗುರುಗಳಾದ ಜಂಗಮರನ್ನೂ ಅವರು ವರ್ಣಿಸಿದ್ದು ಈ ಚೌಕಟ್ಟಿನೊಳಗೆಯೇ. ಕರಡಿಗೆ ಕಂಡಿತು, ಕಾಣಿಕೆ ಕಂಡಿತು. ಕಾಯಕ-ದಾಸೋಹಗಳ ತತ್ತ್ವವನ್ನೂ ಶರಣರ ವಚನಗಳನ್ನೂ ಕೇಳುವ ಪ್ರಶ್ನೆ ಆ ಪಟ್ಟಿಯಲ್ಲಿ ಇರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಬರುವುದಾದರೂ ಹೇಗೆ? ಓಲೆಗರಿಗಳಲ್ಲಿ ಮಲಗಿದ್ದ ವಚನಗಳನ್ನು ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದ ಮೇಲೆಯೇ ಹೊರಗಿನ ವಿದ್ವಾಂಸರಿಗೆ ಆ ಪ್ರಪಂಚವು ವಿಸ್ತಾರವಾಗಿ ತೆರೆಯಿತು. ಅದೇ ಬುಕಾನನ್ನರು ಮೂಡುಬಿದಿರೆ ಕಾರ್ಕಳಗಳ ಕಡೆ ಜೈನರ ಮಾತನ್ನು ಆಸಕ್ತಿಯಿಂದ ಕೇಳಿ ಬರೆದುಕೊಂಡರು. ಆ ಭಾಗವು ಏಷ್ಯಾಟಿಕ್ ರಿಸರ್ಚಸ್ ಎಂಬ ಗ್ರಂಥಮಾಲೆಯಲ್ಲಿ ಪ್ರತ್ಯೇಕವಾಗಿಯೂ ಅಚ್ಚಾಯಿತು. ಬರ್ಮಾದಲ್ಲಿ ಮೊಳೆತ ಅಭಿರುಚಿಯು ಇಲ್ಲಿ ಅವರನ್ನು ಒಂದು ಬಾಗಿಲಿನ ಕಡೆಗೆ ಎಳೆದಿರಬೇಕೆಂದು ತೋರುತ್ತದೆ.

ಹಾಗಾದರೆ ಇಂಥ ಗ್ರಂಥವನ್ನು ದೂರವಿಡಬೇಕೋ? ಸರ್ವಥಾ ಕೂಡದು. ಈ ಪ್ರವಾಸಕಥನವು ಅಚ್ಚಾದ ಬಗೆಯಲ್ಲಿ ಒಂದು ಅದೃಷ್ಟವಿದೆ. ದಿನಚರಿಯನ್ನು ಕರಗಿಸಿ ವಿಷಯಾನುಸಾರವಾಗಿ ಪುನಾರಚಿಸಬೇಕೆಂಬ ಅಪೇಕ್ಷೆ ಬುಕಾನನ್ನರಿಗಿತ್ತು. ಅವರು ಇಂಗ್ಲೆಂಡನ್ನು ತಲಪುವ ಮೊದಲೇ ಲಂಡನ್ನಿನಲ್ಲಿ ಮುದ್ರಣವು ಆರಂಭವಾಗಿದ್ದರಿಂದ ಅದು ಕೈಗೂಡದೆ, 1807ರಲ್ಲಿ ಮೂರು ಸಂಪುಟಗಳಾಗಿ, ದಿನಚರಿಯ ರೂಪದಲ್ಲಿಯೇ, ಗ್ರಂಥವು ಹೊರಬಂದಿತು. ಕರ್ತೃವಿಗೆ ಕೊರತೆಯೆನಿಸಿದ ಈ ರೂಪವೇ ನಮಗೆ ಉಪಕಾರವಾಯಿತು. ಯಾವ ದಿನ, ಯಾವ ಊರಿನಲ್ಲಿ, ಯಾರಿಂದ ಕೇಳಿದ್ದು, ಕೇಳಿದ್ದರಲ್ಲಿ ಯಾವುದನ್ನು ನಂಬಲಿಲ್ಲ ಎಂಬ ಗುರುತುಗಳು ಅಳಿಯದೆ ಉಳಿದವು. ಹೊಲಿಗೆ ಕಾಣುವ ಬಟ್ಟೆಯನ್ನು ಬಿಚ್ಚಿ ನೋಡುವುದು ಸುಲಭ.

ಅವರ ಬಾಳಿನ ಉತ್ತರಾರ್ಧವು ಈ ಮಾತನ್ನು ಇನ್ನೊಂದು ಬಗೆಯಲ್ಲಿ ಸಮರ್ಥಿಸುತ್ತದೆ. 1802ರಲ್ಲಿ ನೇಪಾಳಕ್ಕೆ ಹೋಗಿಬಂದ ಮೇಲೆ ಕಲ್ಕತ್ತೆಯಲ್ಲಿ ವೆಲ್ಲೆಸ್ಲಿಯ ವೈದ್ಯರಾಗಿದ್ದರು. 1807ರಿಂದ 1814ರವರೆಗೆ ಏಳು ವರ್ಷ ಬಂಗಾಳ ಬಿಹಾರ ಪ್ರಾಂತಗಳ ಸಮೀಕ್ಷೆಯನ್ನು ನಡೆಸಿ, ರಾಶಿರಾಶಿ ಹಸ್ತಪ್ರತಿಗಳನ್ನು ಸಿದ್ಧಪಡಿಸಿದರು. 1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥರಾದರು. ಮರುವರ್ಷ ಸ್ವದೇಶಕ್ಕೆ ಹೊರಟಾಗ, ಅವರು ಕಷ್ಟಪಟ್ಟು ಬರೆಯಿಸಿದ್ದ ಚಿತ್ರಗಳನ್ನು ಗವರ್ನರ್ ಜನರಲನು ಸರಕಾರದ ಸ್ವತ್ತೆಂದು ಇಲ್ಲಿಯೇ ಇರಿಸಿಕೊಂಡನು. ಆ ನೋವು ಅವರನ್ನು ಬಿಡಲಿಲ್ಲ. ಸ್ಕಾಟ್ಲೆಂಡಿನಲ್ಲಿ ತಾಯಿಯ ಕಡೆಯ ಆಸ್ತಿ ಬಂದುದರಿಂದ ಹ್ಯಾಮಿಲ್ಟನ್ ಎಂಬ ಹೆಸರನ್ನು ಸ್ವೀಕರಿಸಿದರು. 1819ರಲ್ಲಿ ನೇಪಾಳದ ವೃತ್ತಾಂತವನ್ನೂ, 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥವನ್ನೂ ಪ್ರಕಟಿಸಿ, 1829ರ ಜೂನ್ 15ರಂದು ಕಾಲವಾದರು. ನಮ್ಮ ಕಾಡಿನ ಚಾರೋಳಿ ಮರದ ಶಾಸ್ತ್ರೀಯ ನಾಮವಾದ ಬುಕಾನನಿಯ ಎಂಬುದು ಅವರ ಗೌರವಾರ್ಥವಾಗಿ ಇಟ್ಟ ಹೆಸರು.

ಅವರು ತೀರಿಕೊಂಡು ಒಂಬತ್ತು ವರ್ಷಗಳಾದ ಮೇಲೆ, 1838ರಲ್ಲಿ, ಮಾಂಟ್ಗೊಮರಿ ಮಾರ್ಟಿನ್ ಎಂಬಾತನು ಬಂಗಾಳ ಬಿಹಾರಗಳ ಹಸ್ತಪ್ರತಿಗಳನ್ನು ಬಹುವಾಗಿ ಕತ್ತರಿಸಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದನು. ಮುಖಪುಟದಲ್ಲಿ ಬುಕಾನನ್ನರ ಹೆಸರೇ ಇರಲಿಲ್ಲ. ಕಂಡವನ ಹೆಸರನ್ನು ತೆಗೆದ ಮೇಲೆ ಪುಸ್ತಕವು ನೋಡುವುದಕ್ಕೆ ಇನ್ನೂ ನಿಷ್ಪಕ್ಷಪಾತವಾಗಿ ತೋರುತ್ತದೆ. ವಸ್ತುತಃ ಅದರಲ್ಲಿ ಒಬ್ಬನ ದೃಷ್ಟಿಯ ಮೇಲೆ ಮತ್ತೊಬ್ಬನ ದೃಷ್ಟಿ ಕುಳಿತಿದೆ. ಯಾವುದನ್ನು ಬಿಡಬೇಕೆಂದು ನಿರ್ಣಯಿಸಿದವನು ಅಲ್ಲಿ ಕಾಣಿಸಿಕೊಳ್ಳುವುದಿಲ್ಲ.

ನಮ್ಮ ಶಿರೂರಿಗೂ ಇಂಥದೇ ಒಂದು ಅನುಭವವುಂಟು. 1862ರಲ್ಲಿ ಉತ್ತರ ಕೆನರಾವು ಮುಂಬಯಿ ಪ್ರಾಂತಕ್ಕೆ ಸೇರಿತು; ಕುಂದಾಪುರ ತಾಲೂಕು ಮದರಾಸಿನಲ್ಲಿ ಉಳಿಯಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಎರಡು ಪ್ರಾಂತಗಳ ಗಡಿಯು ಶಿರೂರಿಗೂ ಭಟ್ಕಳಕ್ಕೂ ನಡುವೆ ಹಾದುಹೋಗಿತ್ತು. ಗಡಿಯ ಉತ್ತರದ ವೃತ್ತಾಂತವು 1883ರ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟದಲ್ಲಿದೆ; ದಕ್ಷಿಣದ ವೃತ್ತಾಂತವು ಸ್ಟರಕ್ ಎಂಬಾತನು 1894ರಲ್ಲಿ ಬರೆದ ಮದರಾಸಿನ ಜಿಲ್ಲಾ ಕೈಪಿಡಿಯಲ್ಲಿದೆ. ಒಂದೇ ಕಡಲು, ಒಂದೇ ಗದ್ದೆ, ಒಂದೇ ಬಗೆಯ ಮಾತು, ಮದುವೆಯ ನೆಂಟಸ್ತಿಕೆಗಳೂ ಅತ್ತಿತ್ತ. ಆದರೂ ಕಚೇರಿಯ ಮೇಜು ಎರಡಾದುದರಿಂದ ಪುಸ್ತಕವೂ ಎರಡಾಯಿತು. ಮುಂಬಯಿಯಿಂದ ನೋಡಿದವರಿಗೆ ಭಟ್ಕಳವು ದಕ್ಷಿಣದ ಕೊನೆ. ಮದರಾಸಿನಿಂದ ನೋಡಿದವರಿಗೆ ಶಿರೂರು ಉತ್ತರದ ಕೊನೆ. ಇಲ್ಲಿ ಬಾಳಿದವರಿಗೆ ಇದು ಯಾವುದರ ಕೊನೆಯೂ ಆಗಿರಲಿಲ್ಲ. 1997ರಲ್ಲಿ ಉಡುಪಿ ಜಿಲ್ಲೆಯಾದ ಮೇಲೆಯೂ ಜಿಲ್ಲೆಯ ಪುಸ್ತಕಗಳಲ್ಲಿ ಶಿರೂರಿಗೆ ಅಂಚಿನ ಊರೆಂಬ ಸ್ಥಾನವೇ ಲಭಿಸುತ್ತಿದೆ.

ಆ ಅಧಿಕೃತ ಗ್ರಂಥಗಳಲ್ಲಿ ಬುಕಾನನ್ನರ ಮಾತುಗಳನ್ನು, ವಿಶೇಷವಾಗಿ ಮುಂಬಯಿಯ ಸಂಪುಟದಲ್ಲಿ, ಧಾರಾಳವಾಗಿ ಬಳಸಿಕೊಂಡಿದ್ದಾರೆ. ಅವನ್ನು ನೋಡಿ ಬರೆದ ಪಠ್ಯಗಳಿಗೆ, ಪಠ್ಯಗಳಿಂದ ವಿದ್ಯಾರ್ಥಿಗಳ ಟಿಪ್ಪಣಿಗಳಿಗೆ ಅವು ಇಳಿದುಬಂದಿವೆ. ಈ ಇಳಿತದಲ್ಲಿ ಮೊದಲು ಉದುರಿಹೋಗುವುದು ಹೇಳಿದವನ ಗುರುತು. 1801ರಲ್ಲಿ ಒಬ್ಬ ಶಾನುಭೋಗನು ಹೇಳಿದನೆಂಬುದು, ಬುಕಾನನ್ನರು ಹೇಳಿದರೆಂದಾಗಿ, ಆಮೇಲೆ ಹೀಗಿತ್ತು ಎಂಬ ನಿಶ್ಚಯವಾಕ್ಯವಾಗಿ ನಿಲ್ಲುತ್ತದೆ. ಶಬ್ದವು ಪ್ರತ್ಯಕ್ಷದ ವೇಷವನ್ನು ತೊಡುವ ಬಗೆ ಇದು. ಅಪಾಯವಿರುವುದು ಇಲ್ಲಿ. ಒಂದು ಮನೆತನದ, ಒಂದು ಕುಲದ, ಒಂದು ಊರಿನ ಹೆಸರಿಗೆ ಹೀಗೆ ಅಂಟಿಕೊಂಡ ಮಾತನ್ನು ಮುಂದಿನ ತಲೆಮಾರು ಕಳಚಿಕೊಳ್ಳುವುದು ಬಹಳ ಕಷ್ಟ. ಗದ್ದೆಯಲ್ಲಿ ದುಡಿದ ಆಳುಗಳ ಅಕ್ಕಿಯ ಅಳತೆ ಬುಕಾನನ್ನರ ಲೆಕ್ಕದಲ್ಲಿದೆ. ಅವರ ಮನೆಯ ಹೆಂಗಸರು ಬಾಳನ್ನು ಹೇಗೆ ಕಂಡರೆಂಬುದು ಯಾವ ಸರಕಾರಿ ಗ್ರಂಥದಲ್ಲಿಯೂ ತಕ್ಕಷ್ಟು ಸಿಗದು. ಬರಹದಲ್ಲಿ ಇಲ್ಲದ್ದು ನಾಡಿನಲ್ಲಿಯೂ ಇರಲಿಲ್ಲವೆಂದು ತಿಳಿದರೆ ಅವರನ್ನು ಎರಡನೆಯ ಬಾರಿ ಮರೆತಂತಾಗುತ್ತದೆ.

ಬುಕಾನನ್ನರಲ್ಲಿ ಪೂರ್ವಗ್ರಹಗಳಿದ್ದವು, ಅವರ ಒಡೆಯರಿಗೆ ಉದ್ದೇಶಗಳಿದ್ದವು. ಆದರೂ ತಾವು ಎಲ್ಲಿ ನಿಂತು ನೋಡಿದರೆಂಬುದನ್ನು ಅವರು ಓದುಗನಿಂದ ಮುಚ್ಚಲಿಲ್ಲ. ಸ್ವಂತ ದೃಷ್ಟಿಯಿಲ್ಲದ ಬರಹಗಾರನನ್ನು ಹುಡುಕುವುದು ವ್ಯರ್ಥ ಪ್ರಯತ್ನ. ನಿಂತ ನೆಲವನ್ನು ತಿಳಿಸುವ ಬರಹಗಾರನು ದೊರೆತರೆ ಓದುಗನು ಅವನ ದೃಷ್ಟಿಯನ್ನು ಕಳೆದು, ಕೂಡಿ, ಸತ್ಯದ ಸಮೀಪಕ್ಕೆ ತಾನೇ ಹೋಗಬಲ್ಲನು. ಈ ಕಾರಣದಿಂದ ಬುಕಾನನ್ನರು ಇಂದಿಗೂ ನಮಗೆ ಉಪಕಾರಿಗಳು.

ಶಾಲೆಗಳಲ್ಲಿ ಸ್ಥಳೀಯ ಇತಿಹಾಸವನ್ನು ಬೋಧಿಸುವ ಅಧ್ಯಾಪಕರು ವಿದ್ಯಾರ್ಥಿಗಳ ಟಿಪ್ಪಣಿ ಪುಸ್ತಕದಲ್ಲಿ ಮೂರು ಅಂಕಣಗಳನ್ನು ಗೆರೆಯ ಹಾಕಿಸಿದರೆ ಒಳ್ಳೆಯದು: ಕಂಡದ್ದು, ಕೇಳಿದ್ದು, ಊಹಿಸಿದ್ದು. ಕೇಳಿದ್ದರ ಎದುರು ಹೇಳಿದವರ ಹೆಸರು, ಊರು, ತಾರೀಖು ಇರಲಿ. ನಾಡಿನಲ್ಲಿಯೂ ಪರವೂರಿನಲ್ಲಿಯೂ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರಿಂದ, ಅದರಲ್ಲಿಯೂ ಅಜ್ಜಿಯರಿಂದ, ಊರಿನ ಹಿಂದಿನ ಸಂಗತಿಗಳನ್ನು ಕೇಳಿ ಹೀಗೆಯೇ ಬರೆದಿಡಲಿ. ವಿದ್ಯಾಭಿಮಾನಿಗಳಾದ ದಾನಿಗಳು ಶಾಲೆಯ ಗ್ರಂಥಭಂಡಾರಕ್ಕೆ ಒಂದು ಕಪಾಟನ್ನು ಕೊಟ್ಟರೆ ಅಂಥ ಟಿಪ್ಪಣಿ ಪುಸ್ತಕಗಳಿಗೆ ಅದರಲ್ಲಿ ಸ್ಥಳವಿರಲಿ. ಬುಕಾನನ್ನರು ಕೆಲವೇ ದಿನಗಳಲ್ಲಿ ಹಾದುಹೋದ ದಾರಿಯಲ್ಲಿ ನಾವು ತಲೆತಲಾಂತರದಿಂದ ವಾಸವಾಗಿದ್ದೇವೆ. ಅವರು ನೋಡದ ಮಳೆಗಾಲದ ವೃತ್ತಾಂತವನ್ನು ಬರೆಯುವ ಕೆಲಸ ನಮ್ಮ ಮಕ್ಕಳಿಗೆ ಇನ್ನೂ ಉಳಿದಿದೆ.